ಮೊಲದ ಹಲ್ಲು, ವಿಮೆಯ ಷರತ್ತು

ಮೊಲಕ್ಕೆ ಹಲ್ಲುನೋವು ಬರುತ್ತದೆಯೇ? ಬಂದರೆ ಅದರ ಖರ್ಚನ್ನು ವಿಮಾ ಕಂಪನಿ ಕೊಡುತ್ತದೆಯೇ? ಹೀಗೆಂದು ಕೇಳಿದರೆ ನಮ್ಮ ಊರಿನ ಹಿರಿಯರು ನಕ್ಕುಬಿಟ್ಟಾರು. ಆದರೆ ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಕಳೆದ ಚಳಿಗಾಲ ಇದು ನಗುವ ಮಾತಾಗಿರಲಿಲ್ಲ.

ಅವಳ ಮಗಳು ಸಾಕಿರುವುದು ಜೋಲುಕಿವಿಯ, ಚಪ್ಪಟೆ ಮೂತಿಯ ಪುಟ್ಟ ಮೊಲ. ಒಂದು ಸಂಜೆ ಅದು ಸೊಪ್ಪನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಕೆಳಗೆ ಬಿಟ್ಟಿತಂತೆ. ಗದ್ದವೆಲ್ಲ ಜೊಲ್ಲಿನಿಂದ ಒದ್ದೆ, ಒಂದು ಕಣ್ಣಿನಲ್ಲಿ ನೀರು. ಹಸಿವಿದೆ, ತಿನ್ನಲಾಗದು. ಬೆಳಗಾಗುವಷ್ಟರಲ್ಲಿ ಗೂಡಿನಲ್ಲಿ ಹಿಕ್ಕೆಯೂ ಇರಲಿಲ್ಲ. ಪಶುವೈದ್ಯರು ಬಾಯಿಯೊಳಗೆ ದೀಪ ಹಿಡಿದು ನೋಡಿದವರೇ, ಇಂದೇ ಅರಿವಳಿಕೆ ಕೊಟ್ಟು ಹಲ್ಲು ತೇಯಬೇಕು ಎಂದರು.

ಮೊಲ ಎಂದೊಡನೆ ನಮ್ಮ ಕಣ್ಣಿಗೆ ಕಾಣುವುದು ಮುಂದಿನ ಬಾಚಿಹಲ್ಲುಗಳು ಮಾತ್ರ. ವಾಸ್ತವವಾಗಿ ಅದಕ್ಕಿರುವುದು 28 ಹಲ್ಲು. ಮೇಲೆ ಎರಡು ದೊಡ್ಡ ಬಾಚಿಹಲ್ಲು, ಅವುಗಳ ಹಿಂದೆ ಅಡಗಿರುವ ಕಡ್ಡಿಯಂಥ ಮತ್ತೆರಡು, ಕೆಳಗೆ ಎರಡು. ಉಳಿದ 22 ಹಿಂದಿನ ಅರೆಯುವ ಹಲ್ಲುಗಳು. ಈ ಬಾಚಿಹಲ್ಲಿನ ಎರಡನೇ ಜೋಡಿಯಿಂದಲೇ ಮೊಲ ಇಲಿ, ಅಳಿಲುಗಳ ಗುಂಪಿಗೆ ಸೇರದೆ ಬೇರೆಯಾಗಿ ನಿಲ್ಲುತ್ತದೆ. ವಿಶೇಷವೆಂದರೆ ಈ 28 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲಂತೂ ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್. ಸವೆಯದಿದ್ದರೆ ವರ್ಷಕ್ಕೆ ಗೇಣುದ್ದಕ್ಕೆ ಹತ್ತಿರವಾದೀತು!

ಸವೆಸುವುದು ಯಾವುದು? ಹುಲ್ಲು. ಹುಲ್ಲಿನಲ್ಲಿರುವ ಸಿಲಿಕಾ ಕಣಗಳು ಉಪ್ಪುಕಾಗದದಂತೆ ಕೆಲಸ ಮಾಡುತ್ತವೆ. ಅದನ್ನು ಅರೆಯಲು ಮೊಲ ದವಡೆಯನ್ನು ಅಡ್ಡಡ್ಡ ಆಡಿಸುತ್ತದೆ, ಹಲ್ಲು ಸಮನಾಗಿ ತೇಯುತ್ತದೆ. ಹುಲ್ಲಿನ ಬದಲು ಮೆತ್ತನೆಯ ಕಾಳು, ಬಿಸ್ಕತ್ತು, ಕ್ಯಾರೆಟ್ ತುಂಡುಗಳನ್ನೇ ಕೊಟ್ಟರೆ ಈ ಅರೆತ ತಪ್ಪುತ್ತದೆ. ಆಗ ಕೆಳಗಿನ ಹಲ್ಲುಗಳ ಅಂಚು ನಾಲಗೆಯ ಕಡೆಗೂ ಮೇಲಿನವುಗಳ ಅಂಚು ಕೆನ್ನೆಯ ಕಡೆಗೂ ಮುಳ್ಳಿನಂತೆ ಚಾಚುತ್ತದೆ. ಬೇರು ಹಿಂದಕ್ಕೆ ಬೆಳೆದು ಕಣ್ಣೀರಿನ ನಾಳವನ್ನು ಒತ್ತುವುದೂ ಉಂಟು. ಕಣ್ಣಿನ ಕಾಯಿಲೆ ಎಂದು ಔಷಧ ಹಾಕುತ್ತ ಕುಳಿತವರಿಗೆ ಮೂಲ ಹಲ್ಲಿನಲ್ಲಿದೆ ಎಂದು ಹೊಳೆಯುವಷ್ಟರಲ್ಲಿ ದವಡೆಯಲ್ಲಿ ಕೀವುಗಡ್ಡೆ ಎದ್ದಿರುತ್ತದೆ. ಮೊಲದ ಕೀವು ಗಟ್ಟಿ ಬೆಣ್ಣೆಯಂತಿರುವುದರಿಂದ ಸೂಜಿ ಚುಚ್ಚಿ ತೆಗೆಯುವಂತಿಲ್ಲ.

ಹ್ಯಾರೊಗೇಟ್‌ನ ಪಶುವೈದ್ಯೆ ಫ್ರಾನ್ಸೆಸ್ ಹಾರ್ಕೋರ್ಟ್-ಬ್ರೌನ್ 1996ರಲ್ಲಿ ಇನ್ನೊಂದು ಕಾರಣದತ್ತ ಬೆರಳು ತೋರಿಸಿದರು. ಬಣ್ಣಬಣ್ಣದ ಮಿಶ್ರ ಆಹಾರದಲ್ಲಿ ಮೊಲ ರುಚಿಯಾದದ್ದನ್ನು ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ. ಇದರಿಂದ ಸುಣ್ಣದ ಅಂಶ ಸಾಲದೆ ದವಡೆಯ ಮೂಳೆ ಸಡಿಲವಾಗುತ್ತದೆ ಎಂಬುದು ಅವರ ವಾದ. ಮಕ್ಕಳು ಉಪ್ಪಿಟ್ಟಿನಿಂದ ಗೋಡಂಬಿ ಮಾತ್ರ ಹೆಕ್ಕಿ ತಿಂದ ಹಾಗೆ ಎನ್ನಿ. ಚಪ್ಪಟೆ ಮೂತಿಯ ಕುಬ್ಜ ತಳಿಗಳಿಗಂತೂ ಹುಟ್ಟಿನಿಂದಲೇ ದವಡೆ ಕೂಡುವುದಿಲ್ಲ. ನಾವು ಮುದ್ದಿಗಾಗಿ ಬೆಳೆಸಿದ ಮುಖಕ್ಕೆ ಅವು ತೆರುವ ಬೆಲೆ ಇದು.

ಚಿಕಿತ್ಸೆಯೂ ಸಲೀಸಲ್ಲ. ಹಿಂದಿನ ಹಲ್ಲು ತೇಯಲು ಅರಿವಳಿಕೆ ಬೇಕೇ ಬೇಕು. 2008ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದ ಪ್ರಕಾರ ಅರಿವಳಿಕೆಯ ಸಂದರ್ಭದಲ್ಲಿ ಸಾಯುವ ನಾಯಿಗಳು ಶೇ. 0.17, ಬೆಕ್ಕುಗಳು ಶೇ. 0.24, ಮೊಲಗಳು ಶೇ. 1.39. ಹಾಗೆಂದು ಕಾಯುವಂತೆಯೂ ಇಲ್ಲ. ಮೊಲ ಅರ್ಧ ದಿನ ತಿನ್ನದಿದ್ದರೆ ಕರುಳು ನಿಂತುಬಿಡುತ್ತದೆ, ಜೀವಕ್ಕೇ ಅಪಾಯ. ಮನೆಯಲ್ಲಿ ಉಗುರು ಕತ್ತರಿಯಿಂದ ಬಾಚಿಹಲ್ಲು ಕತ್ತರಿಸುವ ಸಾಹಸ ಬೇಡ. ಹಲ್ಲು ಬೇರಿನವರೆಗೆ ಸೀಳುತ್ತದೆ. ನಮಗೆ ತಂದಿಟ್ಟ ಅಮಾಕ್ಸಿಸಿಲಿನ್ ಮಾತ್ರೆಯನ್ನು ಬಾಯಿಗೆ ಹಾಕುವುದಂತೂ ಕೂಡದು. ಮೊಲದ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು ಅದು ಮೊಲವನ್ನೇ ಕೊಂದೀತು.

ಇನ್ನು ವಿಮೆಯ ವಿಷಯ. ಬ್ರಿಟನ್ನಿನಲ್ಲಿ ಮೊಲಕ್ಕೂ ಪಾಲಿಸಿ ಸಿಗುತ್ತದೆ. ತಂಗಿಯೂ ತಿಂಗಳು ತಪ್ಪದೆ ಪ್ರೀಮಿಯಂ ಕಟ್ಟಿದ್ದಳು. ಬಿಲ್ಲು ನೂರಾರು ಪೌಂಡಿಗೆ ಏರಿತು, ಕಳುಹಿಸಿದಳು. ಉತ್ತರ ಬಂತು: ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಹಣ ಇಲ್ಲ. ಪಾಲಿಸಿ ಮಾಡಿಸುವ ಎರಡು ತಿಂಗಳ ಹಿಂದೆ ಲಸಿಕೆಗೆಂದು ಕರೆದೊಯ್ದಾಗ ವೈದ್ಯರು ಕಡತದಲ್ಲಿ "ಹಿಂದಿನ ಹಲ್ಲು ತುಸು ಉದ್ದ" ಎಂದು ಬರೆದಿದ್ದರು. ಆ ಒಂದೇ ಸಾಲು ಸಾಕಾಯಿತು. ಅವಳು ಎಷ್ಟು ಪತ್ರ ಬರೆದರೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದಿತು ಕಂಪನಿ.

ಕಂಪನಿಯ ಕಡೆಗೂ ಒಂದು ಮಾತಿದೆ. ವಿಮೆ ಎಂಬುದು ಬರಬಹುದಾದ ಕಷ್ಟಕ್ಕೆ. ಒಮ್ಮೆ ಕೆಟ್ಟ ಮೊಲದ ಹಲ್ಲು ಮತ್ತೆ ಬೆಳೆಯುವುದು ಖಚಿತ. ಹಲವು ಮೊಲಗಳಿಗೆ ಕೆಲವೇ ವಾರಗಳಿಗೊಮ್ಮೆ, ಜೀವನಪೂರ್ತಿ ತೇಯಿಸಬೇಕಾಗುತ್ತದೆ. ಹೀಗಾಗಿ ಅನೇಕ ಪಾಲಿಸಿಗಳು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ. ಕೊಡುವವೂ ವರ್ಷಕ್ಕೊಮ್ಮೆ ಹಲ್ಲು ತಪಾಸಣೆ ಆಗಿರಬೇಕೆಂದು ಕೇಳುತ್ತವೆ, ಇಲ್ಲವೇ ಒಂದು ಕಾಯಿಲೆಗೆ 12 ತಿಂಗಳು ಮಾತ್ರ ಎನ್ನುತ್ತವೆ. ಆದರೆ ಮೊಲಕ್ಕೆ ಅತಿ ಸಾಮಾನ್ಯವಾಗಿ ಬರುವ ಕಾಯಿಲೆಗಳಲ್ಲಿ ಒಂದನ್ನೇ ಕೈಬಿಟ್ಟು, ಅದನ್ನು ಸಣ್ಣ ಅಕ್ಷರದ ಪುಟದಲ್ಲಿ ಬಚ್ಚಿಡುವುದು ಸರಿಯೆಂದು ನನಗನ್ನಿಸುವುದಿಲ್ಲ. ಮೊದಲ ಪುಟದಲ್ಲೇ ಹೇಳಬಹುದಲ್ಲ?

ನಮ್ಮ ದೇಶದಲ್ಲಿ ಸಾಕುಪ್ರಾಣಿಗಳ ಪಾಲಿಸಿ ಹೆಚ್ಚಾಗಿ ನಾಯಿ, ಬೆಕ್ಕುಗಳಿಗೇ ಸೀಮಿತ. ರಾಷ್ಟ್ರೀಯ ಜಾನುವಾರು ಮಿಷನ್ನಿನ ವಿಮೆಯಲ್ಲಿ ಮೊಲದ ಹೆಸರು ಬಂದಿದೆಯಾದರೂ ಅದು ರೈತರ ಸಾಕಣೆಗೆ. ಅಲ್ಲಿ 10 ಮೊಲ ಸೇರಿದರೆ ಒಂದು ಹಸುವಿನ ಲೆಕ್ಕ, ಪರಿಹಾರ ಸತ್ತರೆ. ಹಲ್ಲುನೋವಿಗಲ್ಲ. (ಹೊಲದಲ್ಲಿ ಸಿಕ್ಕ ಕಾಡುಮೊಲವನ್ನು ಮನೆಗೆ ತಂದು ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.) ಇಲ್ಲಿ ಮೊಲ ಸಾಕುವವರಿಗೆ ಇರುವ ವಿಮೆ ಎಂದರೆ ಸದಾ ಎದುರಿಗಿರುವ ಒಣಹುಲ್ಲು, ಗರಿಕೆ, ವಾರಕ್ಕೊಮ್ಮೆ ತೂಕ. ತೂಕ ಇಳಿದರೆ ಜೊಲ್ಲು ಸುರಿಯುವವರೆಗೆ ಕಾಯಬೇಕಾಗಿಲ್ಲ.

ಲೆಸ್ಟರ್‌ನ ಮೊಲ ಬದುಕಿದೆ. ಆರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬರುತ್ತದೆ. ತಂಗಿ ಪಾಲಿಸಿಯನ್ನು ನಿಲ್ಲಿಸಿ, ಆ ಪ್ರೀಮಿಯಂ ಹಣವನ್ನು ಅಡುಗೆಮನೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಾಳೆ. ಡಬ್ಬಿಯ ಮೇಲೆ ಮಗಳು ಬರೆದಂಟಿಸಿದ ಚೀಟಿ ಇದೆ: "ಹಲ್ಲಿಗೆ ಮಾತ್ರ."