ಹಿಂದಕ್ಕೆ ಒದೆಯುವ ನೀರು

ಜಗಳೂರು ಸೀಮೆಯ ಶೇಂಗಾ ಹೊಲದಲ್ಲಿ ಕರೆಂಟು ಬಂದ ಕೂಡಲೇ ‘ಟಕ್ ಟಕ್’ ಸದ್ದು ಶುರುವಾಗುತ್ತದೆ. ಸ್ಪ್ರಿಂಕ್ಲರ್ ತಿರುಗಿಸಲು ಅದರೊಳಗೆ ಬೇರೆ ಮೋಟರಿಲ್ಲ. ಇರುವುದು ಸ್ಪ್ರಿಂಗ್ ಸಿಕ್ಕಿಸಿದ ಒಂದು ತೋಳು, ಅಷ್ಟೇ. ಮೂತಿಯಿಂದ ಚಿಮ್ಮಿದ ನೀರು ತೋಳಿನ ತುದಿಯ ಬಾಗಿದ ಪಟ್ಟಿಗೆ ಬಡಿದು ಒಂದು ಮಗ್ಗುಲಿಗೆ ಹೊರಳುತ್ತದೆ. ಆ ಮಗ್ಗುಲಿಗೆ ನೀರು ಪಡೆದಷ್ಟೇ ಸಂವೇಗವನ್ನು ತೋಳು ಎದುರು ದಿಕ್ಕಿಗೆ ಪಡೆದು ಆಚೆ ಹಾರುತ್ತದೆ. ಸ್ಪ್ರಿಂಗು ಅದನ್ನು ಎಳೆದು ತಂದು ಮೂತಿಯ ಮೈಗೆ ಕುಟ್ಟಿಸುತ್ತದೆ. ಕುಟ್ಟಿದಾಗೊಮ್ಮೆ ಮೂತಿ ಇಷ್ಟಿಷ್ಟೇ ಸರಿದು ಸುತ್ತು ಮುಗಿಸುತ್ತದೆ.

ಶಾಲೆಯಲ್ಲಿ ಇದೇ ಪಾಠಕ್ಕೆ ಬಂದೂಕು ಬರುತ್ತದೆ. 10 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಹೊರಟರೆ 4 ಕೆ.ಜಿ. ಬಂದೂಕು 1 ಮೀಟರ್ ವೇಗದಲ್ಲಿ ಹಿಂದಕ್ಕೆ ಒದೆಯುತ್ತದೆ. ಲೆಕ್ಕ ಸರಿ. ಆದರೆ ಹೊನ್ನಾಳಿ, ನ್ಯಾಮತಿಯ ಮಕ್ಕಳಲ್ಲಿ ಬಂದೂಕು ಹಿಡಿದವರೆಷ್ಟು? ನೀರಿನ ಪೈಪು ಹಿಡಿಯದವರೆಷ್ಟು?

ಹೊಲಕ್ಕೆ ನೀರು ಚಿಮ್ಮಿಸುವ ರೇನ್ ಗನ್ನನ್ನೇ ನೋಡಿ. 14 ಮಿ.ಮೀ. ತೂತು, ಚದರ ಸೆಂ.ಮೀ.ಗೆ 3 ಕೆ.ಜಿ. ಪ್ರೆಶರ್ ಇದ್ದರೆ ಸೆಕೆಂಡಿಗೆ ಮೂರೂವರೆ ಲೀಟರಿಗೂ ಮಿಕ್ಕಿ ನೀರು ಸುಮಾರು 24 ಮೀಟರ್ ವೇಗದಲ್ಲಿ ಹೊರಬೀಳುತ್ತದೆ. ಒದೆತ ಹೆಚ್ಚುಕಡಿಮೆ 9 ಕೆ.ಜಿ. ಭಾರದಷ್ಟು. ಮುಕ್ಕಾಲಿ ಭದ್ರವಾಗಿದ್ದರೆ ಭೂಮಿ ಅದನ್ನು ಹೊರುತ್ತದೆ, ಸಡಿಲವಾಗಿದ್ದರೆ ಗನ್ನೇ ಮಗುಚುತ್ತದೆ. ನೆಲದ ಹಂಗು ಬಿಟ್ಟು ಇದೇ ಒದೆತದಿಂದ ಹಾರುವುದು ರಾಕೆಟ್. ಪಕ್ಕದ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳು ಬಾವಿಯೊಂದರ ಹೂಳೆತ್ತಿದಾಗ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕಿದ್ದವು.

ಈಗ ಈ ತಾಲ್ಲೂಕುಗಳ ನೆಲದಡಿ ದೊಡ್ಡ ಪೈಪುಗಳು ಹಾದಿವೆ: ಚನ್ನಗಿರಿಗೆ ಉಬ್ರಾಣಿ ಏತ ನೀರಾವರಿ, ಹೊನ್ನಾಳಿ ಕಡೆ ಸಾಸ್ವೇಹಳ್ಳಿ, ಹರಿಹರದ ಬಳಿಯ ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳಿಗೆ ಇನ್ನೊಂದು. ಇಂಥ ಪೈಪು ತಿರುವು ತೆಗೆದುಕೊಳ್ಳುವಲ್ಲಿ ಹೊರಮಗ್ಗುಲಿಗೆ ಕಾಂಕ್ರೀಟ್ ಗಟ್ಟಿ ಕೂರಿಸಬೇಕು. ಲೆಕ್ಕಕ್ಕೆ 1 ಮೀಟರ್ ವ್ಯಾಸದ ಪೈಪು ಇಟ್ಟುಕೊಳ್ಳಿ. ನೀರಿನ ವೇಗ ಸೆಕೆಂಡಿಗೆ 2 ಮೀಟರ್, ಒತ್ತಡ 10 ಕೆ.ಜಿ. ಅದು ಲಂಬಕೋನದಲ್ಲಿ ತಿರುಗಿದರೆ ದಿಕ್ಕು ಬದಲಿಸಿದ ನೀರಿನ ಒದೆತ 450 ಕೆ.ಜಿ. ಭಾರದ ಆಸುಪಾಸು. ನಿಜವಾದ ಹೊರೆ ಒತ್ತಡದ್ದು, ನೂರು ಟನ್ನಿಗೂ ಮಿಕ್ಕಿ. ಸಂವೇಗದ ಉತ್ಸಾಹದಲ್ಲಿ ಇದನ್ನು ಮರೆತ ಎಂಜಿನಿಯರ್ ಕಟ್ಟಿದ ಗಟ್ಟಿ ನಿಲ್ಲುವುದಿಲ್ಲ.

ನೀರು ಓಡುತ್ತಿರುವಾಗ ಸೌಮ್ಯವಾಗಿರುವ ಸಂವೇಗ, ನಿಲ್ಲಿಸಹೋದರೆ ರೇಗುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಉದ್ದನೆಯ ಕಬ್ಬಿಣದ ಪೈಪಿನಲ್ಲಿ ಗಕ್ಕನೆ ತಡೆದರೆ, ಸುಮಾರು 100 ಮೀಟರ್ ಎತ್ತರದ ನೀರು ಹೇರುವಷ್ಟು ಹೆಚ್ಚುವರಿ ಒತ್ತಡ ಎದ್ದು ಪೈಪಿನುದ್ದಕ್ಕೂ ಓಡುತ್ತದೆ. ಜಾಯಿಂಟು ಬಿಚ್ಚುವುದು, ಪೈಪು ಸೀಳುವುದು ಆಗಲೇ. ಕರೆಂಟು ಹೋದಾಗ ಪಂಪ್ ಸೆಟ್‌ನ ನಾನ್ ರಿಟರ್ನ್ ವಾಲ್ವು ‘ಧಡ್’ ಎನ್ನುವುದೂ ಇದೇ ಕಾರಣಕ್ಕೆ: ಮೇಲೇರುತ್ತಿದ್ದ ನೀರು ಹಿಂದಿರುಗಿ ಬಂದು ಬಾಗಿಲಿಗೆ ಗುದ್ದಿರುತ್ತದೆ. ದೊಡ್ಡ ಗೇಟ್ ವಾಲ್ವಿನ ಚಕ್ರವನ್ನು ಎಷ್ಟೇ ಅವಸರವಿದ್ದರೂ ನಿಧಾನವಾಗಿಯೇ ತಿರುಗಿಸಬೇಕು.