ಬರಿಗಾಲಿಗೆ ಸಿಕ್ಕಿದ ಸೋರಿಕೆ

ನಾವು ಚಳ್ಳಕೆರೆ ಸೀಮೆಯವರು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ನಮ್ಮದೂ ಒಂದು. ಐದು ಎಕರೆ ಶೇಂಗಾ, ಮುಕ್ಕಾಲು ಎಕರೆ ನಿಂಬೆ, ಒಂದೂವರೆ ಇಂಚು ನೀರಿನ ಒಂದು ಬೋರು, ಇಷ್ಟೇ ನನ್ನ ಬೇಸಾಯ. ಬೋರಿನ ನೀರು ಗಡಸು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಹಂಡೆ ತಳದಲ್ಲಿ ವರ್ಷಕ್ಕೊಂದು ಪದರ ಸುಣ್ಣ. ಇದನ್ನು ನಮ್ಮ ಹಣೆಬರಹ ಅಂತಲೇ ತಿಳಿದಿದ್ದೆ. ಆ ತಿಳುವಳಿಕೆ ಬದಲಾಗಿದ್ದು ನಮ್ಮೂರಲ್ಲಲ್ಲ, ಅಮೆರಿಕದ ಮರುಭೂಮಿಯ ಒಂದು ಪೇಟೆಯಲ್ಲಿ.

ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ 2023ರ ಮೇ ತಿಂಗಳಲ್ಲಿ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಹೋದೆವು. ಅಳಿಯನಿಗೆ ಅಲ್ಲಿ ಕೆಲಸ. ವರ್ಷಕ್ಕೆ ಇನ್ನೂರು ಮಿಲಿಮೀಟರ್ ಮಳೆಯೂ ಸರಿಯಾಗಿ ಬೀಳದ ಊರು ಅದು. ಆ ವರ್ಷ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಬಿಸಿಲು 43 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇ ಇಲ್ಲ. ನಮ್ಮ ಕಡೆ ಏಪ್ರಿಲ್ ಬಿಸಿಲು ಕಂಡ ನನಗೇ ನಾಲಿಗೆ ಒಣಗಿಹೋಯಿತು.

ಇಂಥ ಕಡೆ ಲಕ್ಷಗಟ್ಟಲೆ ಜನ ಬದುಕುವುದಕ್ಕೆ ಕಾಲುವೆಗಳೇ ಕಾರಣ. ಹಿಂದೆ ಹೊಹೊಕಾಮ್ ಅನ್ನುವ ಮೂಲನಿವಾಸಿ ಬೇಸಾಯಗಾರರು ಸಾಲ್ಟ್ ನದಿಯಿಂದ ಕೈಯಲ್ಲೇ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದಿದ್ದರಂತೆ. ಹಾಳುಬಿದ್ದ ಆ ಕಾಲುವೆಗಳ ಜಾಡಿನಲ್ಲೇ ಈಗಿನ ಊರು ಎದ್ದಿದ್ದು. 1911ರಲ್ಲಿ ಅದೇ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಕಟ್ಟಿದರು. ಆಮೇಲೆ ಕೊಲರಾಡೊ ನದಿಯಿಂದ 541 ಕಿ.ಮೀ. ಉದ್ದದ ಕಾಲುವೆ ತಂದರು. ಅದರ ಕೆಲಸ 1973ರಲ್ಲಿ ಶುರುವಾಗಿ 1993ರಲ್ಲಿ ಮುಗಿಯಿತು. ಎರಡೂ ನದಿಗಳ ನೀರು ಕಲ್ಲು, ಸುಣ್ಣ, ಉಪ್ಪು ಕರಗಿಸಿಕೊಂಡು ಬರುತ್ತದೆ. ಲೀಟರಿಗೆ 200ರಿಂದ 300 ಮಿಲಿಗ್ರಾಂ ಆಸುಪಾಸು ಗಡಸುತನ. ನಲ್ಲಿ ಮೂತಿಯಲ್ಲಿ ಬಿಳಿ ಹೊಪ್ಪಳಿಕೆ ನೋಡಿದ ತಕ್ಷಣ ನನ್ನ ಹೆಂಡತಿ, "ಇದೇನ್ರೀ, ನಮ್ಮ ಬೋರು ನಮ್ಮ ಹಿಂದೇನೇ ಬಂದೈತೆ" ಅಂದಳು.

ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು

ಅಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೂ ಬೆಚ್ಚಗಿನ ನೀರೇ ಬರುವುದು. ನೆಲ ಕಾದಿರುತ್ತದೆ, ಅದರೊಳಗಿನ ಪೈಪೂ ಕಾದಿರುತ್ತದೆ. ಒಂದು ಮಧ್ಯಾಹ್ನ ನನ್ನ ಹೆಂಡತಿ ಕೂಸಿನ ಬಟ್ಟೆ ಜಾಲಿಸಲು ಹಿತ್ತಲಿನ ರಬ್ಬರ್ ಪೈಪು ಹಿಡಿದಳು. ಬಿಸಿಲಲ್ಲಿ ಬಿದ್ದಿದ್ದ ಪೈಪಿನೊಳಗಿನ ನೀರು ಸುಡುಸುಡು ಬಂದು ಕೈ ಕೆಂಪಾಯಿತು. ಕೂಸನ್ನು ಎತ್ತಿಕೊಂಡು ಹೋಗಿದ್ದರೆ ಏನು ಗತಿ! ನಮ್ಮ ತೋಟಗಳಲ್ಲೂ ಬೇಸಿಗೆಯಲ್ಲಿ ಪೈಪು ಬಿಸಿಲಲ್ಲಿ ಬಿದ್ದಿರುತ್ತವೆ. ಮೊದಲ ನೀರು ನೆಲಕ್ಕೆ ಬಿಟ್ಟು, ಕೈಯಿಟ್ಟು ನೋಡಿ ಆಮೇಲೆ ಮಕ್ಕಳ ಹತ್ತಿರ ಒಯ್ಯಬೇಕು.

ಬಿಸಿಲಿನದ್ದು ಇನ್ನೊಂದು ಕಾಟ ಪಿವಿಸಿ ಪೈಪಿಗೆ. ಹೊರಗೆ ಬಿಟ್ಟ ಪೈಪು ಕೆಲವು ವರ್ಷಕ್ಕೆ ಬೆಂಡಿನ ಹಾಗೆ ಪೆಡಸಾಗಿ, ಕಾಲು ತಾಗಿದರೆ ಮುರಿಯುತ್ತದೆ. ಅಲ್ಲಿನವರು ಹೂಳುತ್ತಾರೆ, ಇಲ್ಲವೇ ಬಣ್ಣ ಬಳಿಯುತ್ತಾರೆ. ನಾವು ಬೋರಿನ ಬಾಯಿಂದ ತೊಟ್ಟಿಯವರೆಗೆ ಬರಿಮೈ ಪೈಪು ಬಿಟ್ಟು, ಮುರಿದಾಗ ಅಂಗಡಿಯವನನ್ನು ಬೈಯುತ್ತೇವೆ.

ಬೆಳಗಿನ ಜಾವದ ಬಿಸಿ ನೆಲ

ಜುಲೈ ಮೊದಲ ವಾರ. ಮನೆಯ ನೀರಿನ ಬಿಲ್ಲು ಹಿಂದಿನ ತಿಂಗಳಿಗಿಂತ ಹೆಚ್ಚು ಕಡಿಮೆ ಎರಡರಷ್ಟು ಬಂತು. "ಮನೇಲಿ ಜನ ಹೆಚ್ಚಾದ್ರಲ್ಲ, ಅದಕ್ಕೇ ಮಾವ" ಅಂದ ಅಳಿಯ. ಅವನು ಸಹಜವಾಗಿಯೇ ಹೇಳಿದ್ದು. ಆದರೆ ನನಗೆ ಒಳಗೇ ಚುಚ್ಚಿತು. ಅಂದಿನಿಂದ ಸ್ನಾನಕ್ಕೆ ಬಕೆಟ್ಟು ಇಟ್ಟುಕೊಂಡೆ.

ಅವರು ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳುತ್ತಾರೆ. ನನಗೆ ಬರಿಗಾಲೇ ಅಭ್ಯಾಸ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓಡಾಡುವಾಗ ಅಡುಗೆಮನೆ ಪಕ್ಕದ ಓಣಿಯಲ್ಲಿ ಮೊರದಗಲ ಜಾಗ ಕಾಲಿಗೆ ಬೆಚ್ಚಗೆ ತಾಗಿತು. ಎಸಿ ಓಡುತ್ತಿದೆ, ಉಳಿದ ಟೈಲ್ಸೆಲ್ಲ ತಣ್ಣಗಿದೆ. ಮಗಳಿಗೆ ಹೇಳಿದೆ. "ಬಿಸಿಲಿಗೆ ಕಾದಿರುತ್ತೆ ಬಿಡಪ್ಪಾ" ಅಂದಳು. ರಾತ್ರಿಯೆಲ್ಲ ಬಿಸಿಲೆಲ್ಲಿಂದ ಬಂತು? ಮೂರು ದಿನ ಅದೇ ಜಾಗ, ಅದೇ ಬಿಸಿ. ನಾಲ್ಕನೇ ದಿನ ಅಳಿಯನನ್ನೇ ಎಬ್ಬಿಸಿ ಚಪ್ಪಲಿ ಬಿಚ್ಚಿಸಿ ನಿಲ್ಲಿಸಿದೆ. ಅವನ ಮುಖ ಬದಲಾಯಿತು.

ಆ ಊರಿನ ಮನೆಗಳು ಹೆಚ್ಚಾಗಿ ಕಾಂಕ್ರೀಟ್ ಹಾಸಿನ ಮೇಲೆ ನಿಂತಿವೆ. ಹಳೇ ಮನೆಗಳಲ್ಲಿ ನೀರಿನ ತಾಮ್ರದ ಪೈಪು ಆ ಹಾಸಿನ ಕೆಳಗೇ ಹೋಗಿರುತ್ತದೆ. ಬಿಸಿನೀರಿನ ಪೈಪು ದಿನಾ ಹಿಗ್ಗಿ ಕುಗ್ಗಿ, ಕಲ್ಲಿಗೋ ಕಾಂಕ್ರೀಟಿಗೋ ಉಜ್ಜಿ ಸವೆದು ಸೂಜಿತೂತು ಬೀಳುತ್ತದೆ. ನೀರು ಮೇಲೆ ಕಾಣುವುದೇ ಇಲ್ಲ, ಕೆಳಗೇ ಹರಿದು ಹೋಗುತ್ತದೆ.

ಪತ್ತೆ ಮಾಡಿದ ರೀತಿ ಸುಲಭ. ಮನೆಯ ಎಲ್ಲ ನಲ್ಲಿ ಬಂದ್ ಮಾಡಿ ರಸ್ತೆ ಪಕ್ಕದ ನೀರಿನ ಮೀಟರ್ ನೋಡಿದೆವು. ಅದರಲ್ಲಿ ಒಂದು ಪುಟ್ಟ ತ್ರಿಕೋನದ ಮುಳ್ಳು. ಸ್ವಲ್ಪ ನೀರು ಹರಿದರೂ ತಿರುಗುತ್ತದೆ. ಅದು ನಿಧಾನಕ್ಕೆ ತಿರುಗುತ್ತಲೇ ಇತ್ತು. ಆಮೇಲೆ ಬಿಸಿನೀರಿನ ಟ್ಯಾಂಕಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿದೆವು. ಮುಳ್ಳು ನಿಂತಿತು! ಅಂದರೆ ಸೋರಿಕೆ ಬಿಸಿನೀರಿನ ಕಡೆಗೇ ಅಂತ ಗ್ಯಾರಂಟಿಯಾಯಿತು. ಬಿಲ್ಲು ಹೆಚ್ಚಾಗಿದ್ದು ನಮ್ಮಿಂದಲ್ಲ ಅನ್ನುವುದೂ ಗ್ಯಾರಂಟಿಯಾಯಿತು. ಅಳಿಯ ಏನೂ ಹೇಳಲಿಲ್ಲ. ಎರಡು ಲೋಟ ಕಾಫಿ ತಂದು ಮೀಟರ್ ಪೆಟ್ಟಿಗೆ ಪಕ್ಕದಲ್ಲೇ ನನ್ನ ಜೊತೆ ಕೂತು ಕುಡಿದ. ಮಾರನೆಯ ದಿನದಿಂದ ನಾನು ಬಕೆಟ್ಟು ಬಿಟ್ಟೆ.

ರಿಪೇರಿಯವರು ಬಂದು ಕಿವಿಗೆ ಯಂತ್ರ ಹಚ್ಚಿ ನೆಲದ ಸದ್ದು ಕೇಳಿ ಜಾಗ ಖಚಿತ ಮಾಡಿದರು. ಹಾಸು ಒಡೆದು ಅಷ್ಟಕ್ಕೇ ಬೆಸುಗೆ ಹಾಕಬಹುದು, ಅಥವಾ ಹಳೇ ಪೈಪು ಬಿಟ್ಟುಬಿಟ್ಟು ಅಟ್ಟದ ಮೇಲಿಂದ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪು ಎಳೆಯಬಹುದು ಅಂದರು. ಒಂದು ಕಡೆ ತೂತಾದ ಪೈಪು ಇನ್ನೊಂದು ಕಡೆಯೂ ಆಗುತ್ತದೆ ಅಂತ ಎರಡನೆಯದಕ್ಕೇ ಒಪ್ಪಿದೆವು. 2,800 ಡಾಲರ್, ಆಗಿನ ಲೆಕ್ಕಕ್ಕೆ ಎರಡು ಲಕ್ಷದ ಮೂವತ್ತು ಸಾವಿರ ರೂಪಾಯಿ. ನನ್ನ ಒಂದು ವರ್ಷದ ಶೇಂಗಾ! ಅಟ್ಟ ಹತ್ತು ಗಂಟೆಗೆಲ್ಲ ಒಲೆಯಾಗುವುದರಿಂದ ಅವರು ಬೆಳಿಗ್ಗೆ ಐದಕ್ಕೇ ಬಂದು ಕೆಲಸ ಮುಗಿಸಿದರು. ಮೂರು ದಿನ ಬಿಸಿನೀರಿನ ಲೈನು ಬಂದ್. ಬಾಣಂತಿಗೆ, ಕೂಸಿಗೆ ಏನು ಮಾಡುವುದು ಅಂತ ಹೆಂಡತಿ ಗಾಬರಿಯಾದಳು. ಬಾಣಂತಿಗೆ ಒಲೆ ಮೇಲೆ ಒಂದು ಪಾತ್ರೆ ಕಾಯಿಸಿದಳು. ಉಳಿದವರಿಗೆ ತಣ್ಣೀರಿನ ನಲ್ಲಿಯೇ ಹಂಡೆಯಾಯಿತು.

ಟ್ಯಾಂಕಿನ ಹೊಟ್ಟೆಯಲ್ಲಿ ಸುಣ್ಣ

ಬಿಸಿನೀರಿನ ಟ್ಯಾಂಕು ಕಾಯುವಾಗ ಅವರೆಕಾಳು ಹುರಿದ ಹಾಗೆ ಚಟಪಟ ಸದ್ದು ಬರುತ್ತಿತ್ತು. ಗಡಸು ನೀರು ಕಾದರೆ ಕರಗಿದ್ದ ಸುಣ್ಣದಂಶ ಕಲ್ಲಾಗಿ ತಳದಲ್ಲಿ ಕೂರುತ್ತದೆ. ಹೆಚ್ಚು ಕಾಯಿಸಿದಷ್ಟೂ ಹೆಚ್ಚು. ಆ ಪದರದ ಅಡಿ ಸಿಕ್ಕ ನೀರು ಕುದಿದು ಆವಿಯಾಗಿ ಒಡೆಯುವ ಸದ್ದೇ ಅದು. ಉರಿಯ ಬಿಸಿ ನೀರಿಗೆ ಮುಟ್ಟುವುದಿಲ್ಲ, ತಳ ಮಾತ್ರ ಸುಡುತ್ತದೆ. ನಮ್ಮ ಹಂಡೆ ತಳ ಬೇಗ ತೂತಾಗುವುದೂ, ಗೀಜರ್ ಕಾಯಿಲ್ ಸುಡುವುದೂ ಇದಕ್ಕೇ.

ಪೈಪು ಸರಿಯಾದ ಮೇಲೆ ಅಳಿಯನೂ ನಾನೂ ಟ್ಯಾಂಕು ತೊಳೆದೆವು. ಉರಿ ತಗ್ಗಿಸಿ, ನೀರು ಆರಲು ಬಿಟ್ಟು, ಒಳಬರುವ ನೀರು ಮುಚ್ಚಿ, ಮನೆಯೊಳಗೊಂದು ಬಿಸಿನೀರಿನ ನಲ್ಲಿ ತೆರೆದು, ತಳದ ನಲ್ಲಿಗೆ ಪೈಪು ಸಿಕ್ಕಿಸಿ ಖಾಲಿ ಮಾಡಿದೆವು. ಆಮೇಲೆ ತಣ್ಣೀರು ಸ್ವಲ್ಪ ಸ್ವಲ್ಪವೇ ಬಿಟ್ಟು ಕದಡಿ ಕದಡಿ ಹೊರಹಾಕಿದೆವು. ಶೇಂಗಾ ಬೀಜದಷ್ಟು ದಪ್ಪದ ಚಕ್ಕೆ ಅರ್ಧ ಬಕೆಟ್ಟು ಬಂತು. ಎರಡು ಸಲ ನಲ್ಲಿಗೇ ಚಕ್ಕೆ ಸಿಕ್ಕಿಕೊಂಡು ತಂತಿ ಹಾಕಿ ಬಿಡಿಸಬೇಕಾಯಿತು. ಟ್ಯಾಂಕಿನೊಳಗೆ ಮೆಗ್ನೀಸಿಯಂ ಕಡ್ಡಿಯೊಂದು ಇರುತ್ತದೆ. ತುಕ್ಕು ಟ್ಯಾಂಕನ್ನು ಬಿಟ್ಟು ಇದನ್ನು ತಿನ್ನಲಿ ಅಂತ ಇಟ್ಟಿರುವುದು. ನಾವು ತೆಗೆದಾಗ ನಡುವಿನ ತಂತಿ ಮಾತ್ರ ಉಳಿದಿತ್ತು. ಹೊಸದು ಹಾಕಿದೆವು. ನಮ್ಮ ಗೀಜರ್‌ಗಳಲ್ಲೂ ಈ ಕಡ್ಡಿ ಇರುತ್ತದೆ, ಗಡಸು ನೀರಿನವರು ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ಮೊದಲು ಕರೆಂಟ್ ತೆಗೆಯಿರಿ.

ನಿಂಬೆ ಗಿಡದ ದೂರು

ಅಲ್ಲಿ ಅನೇಕರು ನೀರು ಮೆದು ಮಾಡುವ ಯಂತ್ರ ಇಟ್ಟಿರುತ್ತಾರೆ. ಅದರೊಳಗಿನ ರಾಳದ ಗುಂಡುಗಳು ನೀರಿನ ಸುಣ್ಣ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಆಗಾಗ ರಾತ್ರಿ ಹೊತ್ತು ಉಪ್ಪುನೀರಿನಲ್ಲಿ ತಾನೇ ತೊಳೆದುಕೊಳ್ಳುತ್ತದೆ. ಅಳಿಯ ನೀರು ವ್ಯರ್ಥವಾಗಬಾರದು ಅಂತ ಆ ತೊಳೆದ ನೀರನ್ನು ಹಿತ್ತಲಿನ ನಿಂಬೆ ಗಿಡಕ್ಕೆ ತಿರುಗಿಸಿದ್ದ. ಎಲೆಯಂಚು ಸುಟ್ಟು, ಗಿಡ ಬೋಳಾಗುತ್ತಿತ್ತು. ಅವನು ಬಿಸಿಲು ಅಂದುಕೊಂಡಿದ್ದ. ನಾನು ಮಣ್ಣು ಹಿಡಿದು ನೋಡಿದೆ. ಮೇಲೆ ಗಟ್ಟಿ ಹೆಪ್ಪು, ನೀರು ಹಾಕಿದರೆ ಇಳಿಯುತ್ತಿಲ್ಲ. ಚವುಳು ಬಿದ್ದ ನೆಲದ ಲಕ್ಷಣ. ಆ ಪೈಪನ್ನು ಚರಂಡಿಗೆ ತಿರುಗಿಸಿ, ಗಿಡಕ್ಕೆ ಯಂತ್ರಕ್ಕೆ ಹೋಗದ ಹೊರಗಿನ ನಲ್ಲಿಯ ನೀರು ಧಾರಾಳವಾಗಿ ಹಾಯಿಸಿದೆವು. ಅಕ್ಟೋಬರ್‌ನಲ್ಲಿ ನಾವು ಹೊರಡುವಾಗ ಹೊಸ ಚಿಗುರಿತ್ತು.

ಈಗ ನಮ್ಮ ಪೇಟೆಗಳಲ್ಲೂ ಇಂಥ ಯಂತ್ರ ಮಾರುತ್ತಿದ್ದಾರೆ. ಬಚ್ಚಲಿಗೆ, ಬಟ್ಟೆಗೆ ಸರಿ. ಅದರ ಉಪ್ಪುನೀರು ಮಾತ್ರ ಗಿಡಕ್ಕೂ ಹೊಲಕ್ಕೂ ಬೇಡ. ಸುಣ್ಣದ ನೀರಿಗಿಂತ ಸೋಡಿಯಂ ನೀರು ಮಣ್ಣಿಗೆ ಕೆಟ್ಟದ್ದು.

ಊರಿಗೆ ಬಂದ ಮೇಲೆ

ಬಂದವನೇ ಬೋರಿನ ನೀರು ಪರೀಕ್ಷೆ ಮಾಡಿಸಿದೆ. ಗಡಸುತನ 640 ಮಿಲಿಗ್ರಾಂ. ಕುಡಿಯುವ ನೀರಿಗೆ ಸರ್ಕಾರದ ಮಾನದಂಡ 200. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಆಗಬಹುದು. ಅಂದರೆ ಫೀನಿಕ್ಸ್ ನೀರಿಗಿಂತ ನಮ್ಮದೇ ಎರಡು ಪಾಲಿಗೂ ಮೀರಿ ಗಡಸು.

ನಿಂಬೆಯ ಡ್ರಿಪ್ ಎರಡು ವರ್ಷದಿಂದ ಕಟ್ಟಿಕೊಂಡಿತ್ತು. ಪೈಪು ಕಳಪೆ ಅಂತ ಬೈಯುತ್ತಿದ್ದೆ. ಡ್ರಿಪ್ಪರ್ ಒಡೆದು ನೋಡಿದರೆ ಒಳಗೆ ಅದೇ ಸುಣ್ಣ. ಆಮ್ಲ ಬಿಟ್ಟೆ, ಆದರೆ ಮೊದಲ ಸಲ ತಪ್ಪು ಮಾಡಿದೆ. ಅಳತೆ ಇಲ್ಲದೆ ವೆಂಚುರಿಯಲ್ಲಿ ಎಳೆಸಿದೆ. ಹಿತ್ತಾಳೆ ಗೇಟ್‌ವಾಲ್ವ್ ತಿಂದುಹೋಯಿತು, ಹೊಗೆ ಕುಡಿದು ಎರಡು ದಿನ ಕೆಮ್ಮಿದೆ. ಎರಡನೇ ಸಲ ತಿಳಿದವರನ್ನು ಕೇಳಿ ಮಾಡಿದೆ. ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಎಂದೂ ಹಾಕಬಾರದು. ಕೊನೆಯ ಡ್ರಿಪ್ಪರ್ ನೀರಿಗೆ ಬಣ್ಣದ ಕಾಗದ ಅದ್ದಿ ಪಿಹೆಚ್ 4 ಬಂದ ಕೂಡಲೇ ಪಂಪು ನಿಲ್ಲಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ತುದಿ ಬಿಚ್ಚಿ ನೀರು ಹಾಯಿಸಿದೆ. ಹತ್ತರಲ್ಲಿ ಏಳೆಂಟು ಡ್ರಿಪ್ಪರ್ ತೆರೆದವು. ಪೂರಾ ಕಲ್ಲಾದವನ್ನು ಬದಲಿಸಲೇಬೇಕಾಯಿತು. ಸ್ನಾನದ ಶವರಿಗೆ, ನಲ್ಲಿ ಜಾಲರಿಗೆ ಆಮ್ಲ ಬೇಡ. ನಿಂಬೆರಸದಲ್ಲೋ ಗಟ್ಟಿ ಹುಣಸೆನೀರಿನಲ್ಲೋ ರಾತ್ರಿ ನೆನೆಹಾಕಿ ಉಜ್ಜಿದರೆ ಸಾಕು.

ತೊಟ್ಟಿಕ್ಕುವ ನಲ್ಲಿಗೆ ಒಂದು ಲೆಕ್ಕ ಮಾಡಿದೆ. ನಮ್ಮ ಬಚ್ಚಲ ನಲ್ಲಿ 200 ಮಿ.ಲೀ. ಲೋಟ ತುಂಬಲು 20 ನಿಮಿಷ. ದಿನಕ್ಕೆ 72 ಲೋಟ, ಹದಿನಾಲ್ಕು ಲೀಟರಿಗೂ ಮೇಲೆ. ಕೆಲವೇ ರೂಪಾಯಿಯ ವಾಷರ್ ಹಾಕಲು ವರ್ಷಗಟ್ಟಲೆ ಸೋಮಾರಿತನ ಮಾಡಿದ್ದೆ.

ಕೊನೆಯದಾಗಿ ಮಳೆನೀರು. ಮಳೆನೀರಿಗೆ ಗಡಸುತನವೇ ಇಲ್ಲ. ನಮ್ಮ ಜಿಲ್ಲೆಯ ಅಂತರ್ಜಲವನ್ನು ಕಾಡುವ ಫ್ಲೋರೈಡೂ ಅದರಲ್ಲಿಲ್ಲ. ನಮ್ಮ ಮನೆ ಮಾಳಿಗೆ 600 ಚದರಡಿ, ಅಂದರೆ 56 ಚದರ ಮೀಟರ್. 450 ಮಿ.ಮೀ. ಮಳೆ ಬಿದ್ದರೆ 25,000 ಲೀಟರ್, ಸೋರಿ ಆರಿ ಹೋಗಿದ್ದು ಕಳೆದರೂ 20,000 ಲೀಟರ್. 2024ರಲ್ಲಿ 5,000 ಲೀಟರಿನ ಟ್ಯಾಂಕು ಕೂರಿಸಿ, ಮೊದಲ ಮಳೆ ಹೊರಗೆ ಬಿಟ್ಟು, ಆಮೇಲಿನದನ್ನು ಮರಳು ಇದ್ದಿಲಿನ ಮೂಲಕ ಸೋಸಿ ತುಂಬುತ್ತಿದ್ದೇನೆ. ಅಡುಗೆಗೆ, ಕುಡಿಯಲು ಅದೇ ನೀರು. ಕುಡಿಯುವುದನ್ನು ಕಾಯಿಸಿ ಆರಿಸುತ್ತೇವೆ. ಬೇಳೆ ಬೇಗ ಬೇಯುತ್ತದೆ, ಪಾತ್ರೆ ತಳದಲ್ಲಿ ಸುಣ್ಣವಿಲ್ಲ. ಟ್ಯಾಂಕು ಚಿಕ್ಕದಾಯಿತು, ಬೇಸಿಗೆಗೆ ಮುಟ್ಟುವುದಿಲ್ಲ ಅನ್ನುವುದೊಂದೇ ಹೆಂಡತಿಯ ದೂರು. ಈ ವರ್ಷ ಶೇಂಗಾ ಕೈಹಿಡಿದರೆ ಇನ್ನೊಂದು ಕೂರಿಸಬೇಕು.

ಗಡಸು ನೀರಲ್ಲಿ ಡ್ರಿಪ್ ಕಟ್ಟದಂತೆ ಆಮ್ಲವಿಲ್ಲದೆ ನಿಭಾಯಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಈ ಪುಟಗಳಲ್ಲಿ ಬರೆಯಿರಿ. ನನ್ನಂಥವರು ಕಾಯುತ್ತಿದ್ದೇವೆ. ಅಲ್ಲಿಯವರೆಗೆ, ಬೆಳಗಿನ ಜಾವ ಮನೆಯಲ್ಲಿ ಒಮ್ಮೆ ಬರಿಗಾಲಲ್ಲಿ ಓಡಾಡಿ ನೋಡಿ. ಹನಿ ಎಲ್ಲಿ ಬೀಳುತ್ತಿದೆ ಅಂತ ಆ ಹೊತ್ತಿನಲ್ಲಿ ಚೆನ್ನಾಗಿ ಕೇಳಿಸುತ್ತದೆ.