ಕಗ್ಗಲಡುವಿನ ಹುಣಿಸೆಮರಗಳು

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಎಂದೊಡನೆ ರಾಜಧಾನಿಯ ಅಧಿಕಾರಿಗಳಿಗೆ ಬರಗಾಲದ ಹೊರತು ಮತ್ತೊಂದು ನೆನಪಾಗುವಂತೆ ತೋರುವುದಿಲ್ಲ. ಆದರೆ ಈ ಬಯಲುಸೀಮೆಯನ್ನೇ ಅರಸಿಕೊಂಡು ಬರುವ ಅತಿಥಿಗಳೂ ಉಂಟು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮಕ್ಕೆ ಮಾಘಮಾಸದ ಸುಮಾರಿಗೆ ಬಣ್ಣದ ಕೊಕ್ಕರೆಗಳು ಬಂದಿಳಿದು, ಊರೊಳಗಿನ ಹುಣಿಸೆಮರಗಳಲ್ಲಿ ಗೂಡು ಕಟ್ಟಿ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಹೊರಟುಹೋಗುತ್ತವೆ. ಬೂದು ಬಕಗಳೂ ಅಲ್ಲಿ ಸಂಸಾರ ಹೂಡುವುದುಂಟು. 1999ರ ಸುಮಾರಿಗೆ ತುಮಕೂರಿನ ನಿಸರ್ಗಾಸಕ್ತರು ಈ ಸಂಗತಿಯನ್ನು ಹೊರಗಿನವರಿಗೆ ತಿಳಿಸಿದರು. ಊರವರಿಗೆ ಅದಕ್ಕೂ ಮೊದಲೇ ತಿಳಿದಿದ್ದಿತೆಂಬುದನ್ನು ಹೇಳಬೇಕಾದುದಿಲ್ಲವಷ್ಟೆ!

ಹಿಕ್ಕೆಯ ದುರ್ಗಂಧವನ್ನೂ ಕೆಳಗೆ ಬಿದ್ದ ಮೀನಿನ ನಾತವನ್ನೂ ಮನೆಯ ಬಾಗಿಲಲ್ಲಿ ತಿಂಗಳುಗಟ್ಟಲೆ ಸಹಿಸಿಕೊಂಡಿರುವುದು ಪಟ್ಟಣಿಗರಿಂದ ಆಗತಕ್ಕ ಕೆಲಸವಲ್ಲ. ಅದಕ್ಕಿಂತಲೂ ದೊಡ್ಡದು ಫಸಲಿನ ಮಾತು. ಹುಣಿಸೆಹಣ್ಣನ್ನು ಬಡಿಯತಕ್ಕ ಕಾಲವೂ, ಹಕ್ಕಿ ಮೊಟ್ಟೆಯ ಮೇಲೆ ಕುಳಿತಿರುವ ಕಾಲವೂ ಒಂದೇ. ಗೂಡಿರುವ ಮರವನ್ನು ಬಡಿಯದೆ ಬಿಟ್ಟ ರೈತನು ಆ ಮರದ ವರ್ಷದ ಆದಾಯವನ್ನೇ ಬಿಟ್ಟಂತಾಯಿತು. ಕಗ್ಗಲಡುವಿನವರು ಹೀಗೆ ಬಿಟ್ಟುಕೊಂಡು ಬಂದಿದ್ದಾರೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇಂಥ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಟ್ಟ ಮೇಲ್ಪಂಕ್ತಿಯಿದೆ; 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಅದೇ ವರ್ಷ ಮಧುಗಿರಿ ತಾಲ್ಲೂಕಿನ ಮೈದೇನಹಳ್ಳಿಯ 798 ಎಕರೆ ಹುಲ್ಲುಗಾವಲು ಕೃಷ್ಣಮೃಗಗಳಿಗೆ ಮೀಸಲಾಯಿತು. ಒಳ್ಳೆಯದೇ. ಆದರೆ ಹುಲ್ಲುಗಾವಲು ಸರ್ಕಾರದ್ದು, ಹುಣಿಸೆಮರವಾದರೋ ರೈತನದು. ಅವನಿಗೆ ಕೊಡುವ ಹಣವು ದಾನವಲ್ಲ, ಸಲ್ಲತಕ್ಕ ಬಾಕಿ. ಪೇಟೆಯ ಧಾರಣೆಯಂತೆ ಪ್ರತಿವರ್ಷವೂ ಅರ್ಜಿಗೆ ಅಲೆಯಿಸದೆ ಅವನ ಕೈ ಸೇರಬೇಕು.

ಇನ್ನು ಎಣಿಕೆ. ವರ್ಷಕ್ಕೊಮ್ಮೆ ಮೋಟಾರಿನಲ್ಲಿ ಬಂದು ಚಿತ್ರ ತೆಗೆದುಕೊಂಡು ಹೋಗುವುದು ಎಣಿಕೆಯಲ್ಲ. ಯಾವ ಮರದಲ್ಲಿ ಎಷ್ಟು ಗೂಡು, ಎಷ್ಟು ಮರಿ ಹಾರಿತು, ಎಷ್ಟು ಸತ್ತಿತು ಎಂಬುದನ್ನು ಪಕ್ಷಕ್ಕೊಮ್ಮೆ ಬರೆದಿಡಬೇಕು. ಊರಿನ ಶಾಲೆಯ ಮಕ್ಕಳೇ ಇದನ್ನು ಮಾಡಬಲ್ಲರು. 2017-18ರಲ್ಲಿ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದರ ಮೇಲೊಂದು ಸತ್ತುಬಿದ್ದಾಗ, ಮೀನಿನ ಮೂಲಕ ಹೊಟ್ಟೆ ಸೇರಿದ ದುಂಡುಹುಳುಗಳೇ ಕಾರಣವೆಂದು ಕಂಡುಬಂದಿತು. ಆದಕಾರಣ ಮರದೊಡನೆ ಕೆರೆಯನ್ನೂ ನೋಡಿಕೊಳ್ಳಬೇಕು. ಬಣ್ಣದ ಕೊಕ್ಕರೆಯು ತೆಳುನೀರಿನಲ್ಲಿ ನಿಂತು, ಅರೆತೆರೆದ ಕೊಕ್ಕನ್ನು ಆಡಿಸುತ್ತ, ಮೀನು ತಗುಲಿದೊಡನೆ ಹಿಡಿಯತಕ್ಕ ಹಕ್ಕಿ. ಸುತ್ತಣ ಕೆರೆಗಳು ಹೂಳು ತುಂಬಿ ಬತ್ತಿದರೆ, ಅಥವಾ ಅವುಗಳಿಗೆ ಕೊಳಚೆ ಹರಿದರೆ, ಮರಗಳನ್ನು ಎಷ್ಟು ಕಾದರೂ ಗೂಡಿನ ಮರಿಗೆ ಆಹಾರವಿಲ್ಲ.

ಮರಗಳಿಗೂ ಆಯುಷ್ಯವುಂಟು. ಇಂದು ನೆಟ್ಟ ಹುಣಿಸೆಯ ಸಸಿಯು ಗೂಡಿನ ಭಾರ ತಾಳುವಷ್ಟು ಬೆಳೆಯಲು ಬಹಳ ವರ್ಷಗಳೇ ಬೇಕು. ಶಿರಾ ತಾಲ್ಲೂಕಿನ ಅಧಿಕಾರಿಗಳು ಬರುವ ಮಳೆಗಾಲದಲ್ಲಿಯೇ ಕಗ್ಗಲಡುವಿನ ಸರ್ಕಾರಿ ಜಾಗಗಳಲ್ಲಿ ಸಸಿ ನೆಡಿಸಿ, ಬೇಸಗೆಯಲ್ಲಿ ನೀರೆರೆಸುವ ಹೊಣೆಯನ್ನೂ ಹೊರುವರೇ?